ಕಾರ್ಟೂನ್ ಕಲೆಯ ಮೇಲೊಂದು ಕಲೆ

1999ರ ಜನವರಿ ತಿಂಗಳು. ಅಮೆರಿಕದ ವಾಲ್ಟ್ ಡಿಸ್ನಿ ಕಂಪನಿ ಒಂದು ವಿಚಿತ್ರ ಪ್ರಕಟಣೆ ಹೊರಡಿಸಿತು. ತಾನು ಮಾರುಕಟ್ಟೆಗೆ ಬಿಟ್ಟಿದ್ದ 'ದಿ ರೆಸ್ಕ್ಯೂಯರ್ಸ್' ಎಂಬ ಮಕ್ಕಳ ಚಿತ್ರದ ಸುಮಾರು 34 ಲಕ್ಷ ವಿಡಿಯೊ ಕ್ಯಾಸೆಟ್‌ಗಳನ್ನು ವಾಪಸು ಪಡೆಯುವುದಾಗಿ ಅದು ತಿಳಿಸಿತು. ಎರಡು ಪುಟ್ಟ ಇಲಿಗಳು ಸೇರಿ ಅನಾಥ ಬಾಲಕಿಯೊಬ್ಬಳನ್ನು ಕಾಪಾಡುವ ಮುದ್ದಾದ ಕಥೆ ಅದು. 1977ರಲ್ಲೇ ತೆರೆಕಂಡು ಜನಪ್ರಿಯವಾಗಿದ್ದ ಚಿತ್ರ. ಇಪ್ಪತ್ತೆರಡು ವರ್ಷಗಳ ನಂತರ ಅದರಲ್ಲಿ ಕಂಡ ದೋಷವಾದರೂ ಏನು?

ಇಲಿಗಳು ದೊಡ್ಡ ಹಕ್ಕಿಯೊಂದರ ಬೆನ್ನೇರಿ ನಗರದ ಕಟ್ಟಡಗಳ ನಡುವೆ ಹಾರಿಹೋಗುವ ದೃಶ್ಯವೊಂದು ಚಿತ್ರದಲ್ಲಿದೆ. ಹಿನ್ನೆಲೆಯಲ್ಲಿ ಕಿಟಕಿಗಳು ಸರಸರನೆ ಸರಿದುಹೋಗುತ್ತವೆ. ಅವುಗಳಲ್ಲಿ ಒಂದು ಕಿಟಕಿಯೊಳಗೆ ನಗ್ನ ಮಹಿಳೆಯೊಬ್ಬಳ ಛಾಯಾಚಿತ್ರವನ್ನು ಯಾರೋ ಅಂಟಿಸಿಬಿಟ್ಟಿದ್ದರು. ಸಿನಿಮಾ ಎಂದರೆ ಸೆಕೆಂಡಿಗೆ 24ರಂತೆ ಓಡುವ ಸ್ಥಿರಚಿತ್ರಗಳ ಸಾಲು. 'ರೆಸ್ಕ್ಯೂಯರ್ಸ್'ನಲ್ಲಿ ಅಂಥ 1,10,000ಕ್ಕೂ ಹೆಚ್ಚು ಫ್ರೇಮುಗಳಿವೆ. ಆಕ್ಷೇಪಾರ್ಹ ಚಿತ್ರ ಇದ್ದದ್ದು ಬರೇ ಎರಡರಲ್ಲಿ. ಚಿತ್ರಮಂದಿರದಲ್ಲಿ ಕುಳಿತವರ ಕಣ್ಣಿಗೆ ಅದು ಬೀಳುವ ಸಂಭವವೇ ಇರಲಿಲ್ಲ. ಮನೆಯಲ್ಲಿ ಕ್ಯಾಸೆಟ್ ಹಾಕಿ, ಬೇಕಾದಲ್ಲಿ ನಿಲ್ಲಿಸಿ ನೋಡುವ ಗುಂಡಿ ಕೈಗೆ ಬಂದ ಮೇಲೆ ಗುಟ್ಟು ರಟ್ಟಾಯಿತು.

ಆ ವರ್ಷಗಳಲ್ಲಿ ಇಂಥ ಬೇಟೆಯೇ ಒಂದು ಹವ್ಯಾಸವಾಗಿಬಿಟ್ಟಿತ್ತು. 'ದಿ ಲಿಟಲ್ ಮರ್ಮೇಡ್' (1989) ಕ್ಯಾಸೆಟ್ಟಿನ ಹೊದಿಕೆಯಲ್ಲಿರುವ ಅರಮನೆಯ ಗೋಪುರ ಅಶ್ಲೀಲವಾಗಿದೆ ಎಂದು ಗುಲ್ಲೆದ್ದಿತು. ಕೆಲಸ ಕಳೆದುಕೊಂಡ ಕಲಾವಿದನೊಬ್ಬ ಸೇಡಿಗಾಗಿ ಹೀಗೆ ಬರೆದ ಎಂಬ ಕಥೆಯೂ ಅದಕ್ಕೆ ಸೇರಿಕೊಂಡಿತು. ಆ ಕಥೆಯಲ್ಲಿ ಹುರುಳಿರಲಿಲ್ಲ. 'ದಿ ಲಯನ್ ಕಿಂಗ್' (1994) ಚಿತ್ರದಲ್ಲಿ ಸಿಂಹ ಮಲಗಿದಾಗ ಎದ್ದ ಧೂಳಿನಲ್ಲಿ ಲೈಂಗಿಕತೆಯನ್ನು ಸೂಚಿಸುವ ಮೂರು ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ ಎಂದರು ಕೆಲವರು. ಅಲ್ಲ, ಅದು ವಿಶೇಷ ದೃಶ್ಯ ವಿಭಾಗದ ಸಂಕ್ಷಿಪ್ತ ಹೆಸರು, 'ಎಸ್ಎಫ್ಎಕ್ಸ್' ಎಂಬುದು ಚಿತ್ರ ಮಾಡಿದವರ ಸಮಜಾಯಿಷಿ. ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು, ದೂರುಗಳು ಹೋದವು, ಕ್ಯಾಸೆಟ್‌ಗಳೂ ಹಿಂದೆ ಬಂದವು.

ಆದರೆ ಇದೇ ಕಾರ್ಟೂನುಗಳ ಇತಿಹಾಸದಲ್ಲಿ ಇನ್ನೊಂದು ಬಗೆಯ ಚಿತ್ರಗಳೂ ಇವೆ. ಅವನ್ನು ಕಾಣಲು ಗುಂಡಿ ಒತ್ತಬೇಕಿಲ್ಲ, ಭೂತಗನ್ನಡಿ ಬೇಕಿಲ್ಲ. ಅವು ತೆರೆಯ ನಟ್ಟನಡುವೆ ನಿಮಿಷಗಟ್ಟಲೆ ಕುಣಿದವು. ದಶಕಗಳವರೆಗೆ ಬಹುಪಾಲು ಪ್ರೇಕ್ಷಕರಿಗೆ ಅವುಗಳಲ್ಲಿ ತಪ್ಪೇ ಕಾಣಲಿಲ್ಲ.

ಮಕ್ಕಳಿಗೆಂದು ಹುಟ್ಟಿದ್ದಲ್ಲ

ಕಾರ್ಟೂನ್ ಎಂದರೆ ಮಕ್ಕಳಾಟ ಎಂಬ ಭಾವನೆ ಇಂದು ಎಲ್ಲರಲ್ಲೂ ಬೇರೂರಿದೆ. ಆದರೆ ಹಾಲಿವುಡ್‌ನ ಆರಂಭದ ಕಾರ್ಟೂನುಗಳು ಹುಟ್ಟಿದ್ದು ಚಿತ್ರಮಂದಿರಗಳಿಗಾಗಿ. 1930 ಮತ್ತು 40ರ ದಶಕಗಳಲ್ಲಿ ಮುಖ್ಯಚಿತ್ರಕ್ಕೆ ಮೊದಲು ವಾರ್ತಾಚಿತ್ರ, ಕಿರುಚಿತ್ರಗಳ ಜೊತೆಗೆ ಏಳೆಂಟು ನಿಮಿಷದ ಒಂದು ಕಾರ್ಟೂನನ್ನೂ ತೋರಿಸುವುದು ರೂಢಿಯಾಗಿತ್ತು. ಎದುರಿಗೆ ಕುಳಿತಿದ್ದವರಲ್ಲಿ ಮಕ್ಕಳೂ ಇದ್ದರು, ದಿನದ ದುಡಿಮೆ ಮುಗಿಸಿ ಬಂದ ದೊಡ್ಡವರೂ ಇದ್ದರು. ಹಾಸ್ಯ ಆ ದೊಡ್ಡವರಿಗೂ ಹಿಡಿಸಬೇಕಿತ್ತು.

ಇದಕ್ಕೆ ಒಳ್ಳೆಯ ಉದಾಹರಣೆ ಬೆಟ್ಟಿ ಬೂಪ್. ಫ್ಲೈಷರ್ ಸ್ಟುಡಿಯೊ 1930ರಲ್ಲಿ ಸೃಷ್ಟಿಸಿದ ಈ ಪಾತ್ರಕ್ಕೆ ತುಂಡು ಲಂಗ, ತೊಡೆಯ ಮೇಲೊಂದು ಪಟ್ಟಿ, ಕಣ್ಣುಮಿಟುಕಿಸುವ ವೈಯಾರ. ಅವಳ ಹಿಂದೆ ಬೀಳುವ ಗಂಡಸರು, ಅವರಿಂದ ಅವಳು ತಪ್ಪಿಸಿಕೊಳ್ಳುವ ಪ್ರಸಂಗಗಳು ಆ ಚಿತ್ರಗಳಲ್ಲಿ ಸಾಮಾನ್ಯ.

ಆದರೆ ಅಷ್ಟರಲ್ಲಿ ಹಾಲಿವುಡ್ ಸಿನಿಮಾಗಳು ಜನರ ನಡತೆ ಕೆಡಿಸುತ್ತಿವೆ ಎಂಬ ಕೂಗೆದ್ದಿತ್ತು. ಕ್ಯಾಥೊಲಿಕ್ ಸಂಘಟನೆಗಳು ಬಹಿಷ್ಕಾರದ ಬೆದರಿಕೆ ಹಾಕಿದವು. ಸರ್ಕಾರ ಕತ್ತರಿ ಹಿಡಿಯುವ ಮೊದಲು ತಾವೇ ಹಿಡಿಯುವುದು ಲೇಸೆಂದು ನಿರ್ಮಾಪಕರು 1930ರಲ್ಲಿ ನೀತಿಸಂಹಿತೆಯೊಂದನ್ನು ಒಪ್ಪಿಕೊಂಡಿದ್ದರು. 'ಹೇಸ್ ಸಂಹಿತೆ' ಎಂದು ಹೆಸರಾದ ಅದು ಕಟ್ಟುನಿಟ್ಟಾಗಿ ಜಾರಿಗೆ ಬಂದದ್ದು 1934ರ ಮಧ್ಯಭಾಗದಲ್ಲಿ. ಪರಿಣಾಮವಾಗಿ ಬೆಟ್ಟಿಯ ಲಂಗ ಉದ್ದವಾಯಿತು, ತೊಡೆಯ ಪಟ್ಟಿ ಮಾಯವಾಯಿತು. ತುಂಟ ನರ್ತಕಿ ಸಂಭಾವಿತ ಗೃಹಸ್ಥೆಯಾದಳು. ಜನರ ಆಸಕ್ತಿಯೂ ಕುಗ್ಗಿತು. 1939ರಲ್ಲಿ ಆ ಸರಣಿಯೇ ಮುಗಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೇಸ್ ಸಂಹಿತೆ ಬೇರೆ ದೇಶಗಳ ಜನರನ್ನು ನ್ಯಾಯವಾಗಿ ಚಿತ್ರಿಸಬೇಕೆಂದು ಹೇಳಿತ್ತು. ಕರಿಯರು, ಬಿಳಿಯರ ನಡುವಿನ ಲೈಂಗಿಕ ಸಂಬಂಧವನ್ನು ತೋರಿಸಲೇಬಾರದೆಂದು ನಿಷೇಧಿಸಿತ್ತು. ಆದರೆ ತನ್ನದೇ ದೇಶದ ಕಪ್ಪು ಪ್ರಜೆಗಳನ್ನು ಕೋಡಂಗಿಗಳಂತೆ ಚಿತ್ರಿಸುವುದು ಅದರ ಕಣ್ಣಿಗೆ ತಪ್ಪಾಗಲಿಲ್ಲ. ಬೆಟ್ಟಿಯ ಲಂಗವನ್ನು ಅಳೆದ ಅಳತೆಪಟ್ಟಿ ಇತ್ತ ಬರಲೇ ಇಲ್ಲ.

ಬಯಲಲ್ಲಿದ್ದ ಅವಮಾನ

ಆ ಕಾಲದ ಕಾರ್ಟೂನುಗಳಲ್ಲಿ ಕಪ್ಪು ಜನರೆಂದರೆ ದಪ್ಪ ತುಟಿ, ಉರುಟು ಕಣ್ಣು, ಸೋಮಾರಿತನ, ಹೆಡ್ಡತನ. ಬಾಂಬು ಸಿಡಿದು ಪಾತ್ರವೊಂದರ ಮುಖ ಮಸಿಯಾದ ಕೂಡಲೇ ಅದು ಕರಿಯರ ಧಾಟಿಯಲ್ಲಿ ಮಾತನಾಡುವುದು ಸಿದ್ಧ ಹಾಸ್ಯ. ಇದು ಕಾರ್ಟೂನಿಗರು ಹೊಸದಾಗಿ ಕಂಡುಹಿಡಿದದ್ದಲ್ಲ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವ ರಂಗಪ್ರದರ್ಶನಗಳು ಹತ್ತೊಂಬತ್ತನೇ ಶತಮಾನದಿಂದಲೂ ಅಮೆರಿಕದಲ್ಲಿ ಜನಪ್ರಿಯವಾಗಿದ್ದವು. ಆ ಮಸಿಯೇ ಕಾರ್ಟೂನಿಗೂ ಹರಿದು ಬಂತು.

ನಮ್ಮ ಮನೆಗಳಲ್ಲೂ ಚಿರಪರಿಚಿತವಾದ 'ಟಾಮ್ ಅಂಡ್ ಜೆರ್ರಿ'ಯನ್ನೇ ನೋಡಬಹುದು. ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಲ್ಲಿ ಆರಂಭಿಸಿದ ಈ ಸರಣಿ ಏಳು ಆಸ್ಕರ್ ಪ್ರಶಸ್ತಿ ಗೆದ್ದಿದೆ. ಮೊದಲ ಚಿತ್ರದಿಂದಲೇ ಅದರಲ್ಲಿ ಮನೆಗೆಲಸದ ಒಬ್ಬ ದಢೂತಿ ಹೆಂಗಸಿದ್ದಾಳೆ. ಪೊರಕೆ ಹಿಡಿದು ಟಾಮ್‌ನನ್ನು ಹೊಡೆದಟ್ಟುವವಳು ಅವಳೇ. ಅವಳ ಮುಖ ಕಾಣುವುದು ಅಪರೂಪ; ಕಪ್ಪು ಕಾಲುಗಳು, ಸವೆದ ಚಪ್ಪಲಿ, ಏಪ್ರನ್ನು, ಅಷ್ಟೆ. 'ಮ್ಯಾಮಿ ಟೂ ಶೂಸ್' ಎಂದು ಕರೆಯಲಾಗುವ ಈ ಪಾತ್ರಕ್ಕೆ ದನಿ ಕೊಟ್ಟವರು ಕಪ್ಪು ನಟಿ ಲಿಲಿಯನ್ ರ‍್ಯಾಂಡಾಲ್ಫ್. 'ಮ್ಯಾಮಿ' ಎಂಬುದು ಬಿಳಿಯರ ಮನೆಯಲ್ಲಿ ಅಡುಗೆ ಮಾಡಿಕೊಂಡು, ಅವರ ಮಕ್ಕಳನ್ನು ಸಾಕಿಕೊಂಡು, ತನ್ನದೆಂಬ ಬದುಕೇ ಇಲ್ಲದೆ ಇರುವ ಕಪ್ಪು ದಾದಿಯ ಸಿದ್ಧರೂಪ. ಗುಲಾಮಗಿರಿಯ ದಿನಗಳಿಂದ ಬಂದ ಅಚ್ಚು ಅದು. 1952ರ ನಂತರ ಆಕೆ ಹೊಸ ಚಿತ್ರಗಳಲ್ಲಿ ಕಾಣಿಸಿಕೊಳ್ಳಲಿಲ್ಲ.

ಆಗ ಯಾರೂ ಆಕ್ಷೇಪಿಸಲಿಲ್ಲವೇ? ಆಕ್ಷೇಪಿಸಿದರು. ಅವಮಾನ ಯಾರಿಗಾಗುತ್ತಿತ್ತೋ ಅವರು ಮೊದಲಿನಿಂದಲೂ ಹೇಳುತ್ತಲೇ ಇದ್ದರು. 1946ರಲ್ಲಿ ಡಿಸ್ನಿಯ 'ಸಾಂಗ್ ಆಫ್ ದಿ ಸೌತ್' ಬಂತು. ನಟರೂ ಕಾರ್ಟೂನ್ ಪ್ರಾಣಿಗಳೂ ಒಟ್ಟಿಗೆ ಕಾಣಿಸಿಕೊಳ್ಳುವ ಈ ಚಿತ್ರದಲ್ಲಿ ಅಂಕಲ್ ರೀಮಸ್ ಎಂಬ ಕಪ್ಪು ಮುದುಕ ಜಮೀನ್ದಾರಿ ತೋಟವೊಂದರಲ್ಲಿ ಬಿಳಿಯ ಬಾಲಕನಿಗೆ ಕಥೆ ಹೇಳುತ್ತಾನೆ. ಒಡೆಯ ಮತ್ತು ಆಳಿನ ಬದುಕು ಸುಖಮಯವಾಗಿತ್ತು ಎಂಬ ಭಾವನೆಯನ್ನು ಈ ಚಿತ್ರ ಬಿತ್ತುತ್ತದೆ ಎಂದು ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆ ಖಂಡಿಸಿತು. ಚಿತ್ರಮಂದಿರಗಳ ಮುಂದೆ ಫಲಕ ಹಿಡಿದು ಪ್ರತಿಭಟನೆಗಳೂ ನಡೆದವು.

ತೆರೆಯ ಮೇಲಿನ ಆ ಸುಖಕ್ಕೂ ಹೊರಗಿನ ವಾಸ್ತವಕ್ಕೂ ಎಷ್ಟು ಅಂತರವಿತ್ತೆಂದರೆ, ಚಿತ್ರದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ವಿಜೃಂಭಣೆಯಿಂದ ನಡೆದಾಗ ರೀಮಸ್ ಪಾತ್ರ ವಹಿಸಿದ ಜೇಮ್ಸ್ ಬ್ಯಾಸ್ಕೆಟ್ ಅಲ್ಲಿರಲಿಲ್ಲ. ವರ್ಣಭೇದದ ಕಟ್ಟಳೆ ಇದ್ದ ಆ ನಗರದಲ್ಲಿ ಬಿಳಿಯ ಸಹನಟರ ಸಾಲಿನಲ್ಲಿ ಅವರು ಕೂರುವಂತಿರಲಿಲ್ಲ. 1948ರಲ್ಲಿ ಅವರಿಗೆ ಗೌರವ ಆಸ್ಕರ್ ಸಂದಿತು. ಕೆಲವೇ ತಿಂಗಳುಗಳಲ್ಲಿ ಅವರು ತೀರಿಕೊಂಡರು.

ಟಿ.ವಿ. ಮನೆಗೆ ಬಂದ ಮೇಲೆ

ಕಾರ್ಟೂನನ್ನು ಮಕ್ಕಳ ಪಾಲಿಗೆ ಬರೆದುಕೊಟ್ಟದ್ದು ದೂರದರ್ಶನ. 1950ರ ದಶಕದಲ್ಲಿ ಅಮೆರಿಕದ ಸ್ಟುಡಿಯೊಗಳು ತಮ್ಮ ಹಳೆಯ ಕಾರ್ಟೂನುಗಳನ್ನು ಕಟ್ಟುಕಟ್ಟಾಗಿ ಟಿ.ವಿ. ವಾಹಿನಿಗಳಿಗೆ ಮಾರಿದವು. ವಾಹಿನಿಗಳಿಗೆ ಮಕ್ಕಳ ಸಮಯ ತುಂಬಲು ಅಗ್ಗದ ಸರಕು ಬೇಕಿತ್ತು. ದೊಡ್ಡವರು ಚಿತ್ರಮಂದಿರದಲ್ಲಿ ಕುಳಿತು ನಕ್ಕ ಹಾಸ್ಯ, ಇಪ್ಪತ್ತು ವರ್ಷ ತಡವಾಗಿ, ಒಬ್ಬೊಬ್ಬರೇ ಕುಳಿತು ನೋಡುವ ಮಕ್ಕಳ ಮುಂದೆ ಬಂದು ಬಿದ್ದಿತು. ಅದೇ ಹೊತ್ತಿಗೆ ಹೊರಗೆ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ಬಲಗೊಳ್ಳುತ್ತಿತ್ತು. ಇನ್ನು ಕಣ್ಣುಮುಚ್ಚಿ ಕುಳಿತುಕೊಳ್ಳುವಂತಿರಲಿಲ್ಲ.

ಹಳೆಯ ವಾರ್ನರ್ ಕಾರ್ಟೂನುಗಳ ಹಕ್ಕು ಹೊಂದಿದ್ದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ 1968ರಲ್ಲಿ 11 ಚಿತ್ರಗಳನ್ನು ಪ್ರಸಾರದಿಂದಲೇ ತೆಗೆದುಹಾಕಿತು. ಕತ್ತರಿ ಹಾಕಿ ಸರಿಪಡಿಸುವುದಕ್ಕೂ ಆಗದಷ್ಟು ಜನಾಂಗೀಯ ಅಣಕ ಅವುಗಳಲ್ಲಿ ತುಂಬಿತ್ತು. ಡಿಸ್ನಿಯ 'ಫ್ಯಾಂಟೇಸಿಯಾ' (1940) ಚಿತ್ರದಲ್ಲಿ ಬಿಳಿಯ ಚೆಲುವೆಯರ ಗೊರಸಿಗೆ ಪಾಲಿಶ್ ಹಾಕುವ ಕಪ್ಪು ಬಾಲಕಿಯ ಪಾತ್ರವೊಂದಿತ್ತು. 1960ರ ದಶಕದ ಮರುಬಿಡುಗಡೆಯಲ್ಲಿ ಆಕೆಯನ್ನು ಕತ್ತರಿಸಲಾಯಿತು. 'ಟಾಮ್ ಅಂಡ್ ಜೆರ್ರಿ'ಯಲ್ಲಿ ಮ್ಯಾಮಿ ಇದ್ದ ಕೆಲವು ದೃಶ್ಯಗಳನ್ನು ಟಿ.ವಿ.ಗಾಗಿ ಹೊಸದಾಗಿಯೇ ಬರೆಯಲಾಯಿತು. ಅವಳ ಜಾಗಕ್ಕೆ ಐರಿಷ್ ಧಾಟಿಯಲ್ಲಿ ಮಾತನಾಡುವ ಬಿಳಿಯ ಹೆಂಗಸೊಬ್ಬಳು ಬಂದಳು.

ಕತ್ತರಿಯೇ, ಕಪಾಟೇ, ಕೈಬರಹವೇ?

ಹೀಗೆ ಕಲೆ ಬಿದ್ದ ಹಳೆಯ ಚಿತ್ರವನ್ನು ಏನು ಮಾಡಬೇಕು? ಮೂರು ದಾರಿಗಳನ್ನು ಸ್ಟುಡಿಯೊಗಳು ಪ್ರಯತ್ನಿಸಿವೆ.

ಮೊದಲನೆಯದು ಕತ್ತರಿ. ಇದು ಸುಲಭ. ಆದರೆ ಇದರಲ್ಲೊಂದು ಕೊರತೆಯಿದೆ. ಮ್ಯಾಮಿಯನ್ನು ಅಳಿಸಿದಾಗ ಅವಮಾನ ಅಳಿಯಿತು ಎನ್ನೋಣ. ಜೊತೆಗೆ ಲಿಲಿಯನ್ ರ‍್ಯಾಂಡಾಲ್ಫ್ ಎಂಬ ಕಲಾವಿದೆಯ ದನಿಯೂ ಅಳಿಯಿತು. ಕೆಲವೊಮ್ಮೆ ಕತ್ತರಿ ಅರ್ಧಕ್ಕೇ ನಿಲ್ಲುವುದೂ ಉಂಟು. 'ಅಲ್ಲಾದೀನ್' (1992) ಚಿತ್ರದ ಆರಂಭದ ಹಾಡಿನಲ್ಲಿ ಅರಬರ ನಾಡೆಂದರೆ ಮುಖ ಹಿಡಿಸದಿದ್ದರೆ ಕಿವಿ ಕತ್ತರಿಸುವ ನಾಡು ಎಂಬ ಅರ್ಥದ ಸಾಲಿತ್ತು. ಅಮೆರಿಕದಲ್ಲಿ ನೆಲೆಸಿದ ಅರಬರ ಸಂಘಟನೆ ಪ್ರತಿಭಟಿಸಿತು. 1993ರ ಕ್ಯಾಸೆಟ್ಟಿನಲ್ಲಿ ಆ ಸಾಲು ಬದಲಾಯಿತು. ಆದರೆ ಆ ನಾಡನ್ನು ಅನಾಗರಿಕ ಎಂದು ಕರೆಯುವ ಪದ ಹಾಗೆಯೇ ಉಳಿಯಿತು. ಅದು ಹೋದದ್ದು ನಟರನ್ನಿಟ್ಟು ಮಾಡಿದ 2019ರ ಹೊಸ ಚಿತ್ರದಲ್ಲಿ.

ಎರಡನೆಯದು ಕಪಾಟು. ಎಂದರೆ, ಚಿತ್ರವನ್ನೇ ಬೀಗ ಹಾಕಿ ಇಟ್ಟುಬಿಡುವುದು. 'ಸಾಂಗ್ ಆಫ್ ದಿ ಸೌತ್' ಅಮೆರಿಕದ ಚಿತ್ರಮಂದಿರಗಳಲ್ಲಿ ಕೊನೆಯ ಬಾರಿ ಕಂಡದ್ದು 1986ರಲ್ಲಿ. ಅಲ್ಲಿ ಅದರ ಕ್ಯಾಸೆಟ್ಟಾಗಲಿ ಡಿವಿಡಿಯಾಗಲಿ ಹೊರಬಂದಿಲ್ಲ. ಆದರೆ ಬಚ್ಚಿಟ್ಟ ಮಾತ್ರಕ್ಕೆ ಎಲ್ಲರಿಗೂ ಸಮಾಧಾನವಾಗುತ್ತದೆ ಎನ್ನುವಂತಿಲ್ಲ. ಮೆಕ್ಸಿಕೊದ ಜನರನ್ನು ಹೀಯಾಳಿಸುತ್ತದೆಂಬ ಅಳುಕಿನಿಂದ 'ಸ್ಪೀಡಿ ಗೊನ್ಸಾಲೆಸ್' ಎಂಬ ಇಲಿಯ ಕಾರ್ಟೂನುಗಳನ್ನು ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ 1999ರಲ್ಲಿ ಬದಿಗಿಟ್ಟಿತು. ಅದನ್ನು ಮರಳಿ ಕೊಡಿ ಎಂದು ಕೇಳಿದವರು ಯಾರು? ಅಲ್ಲಿನ ಲ್ಯಾಟಿನ್ ಅಮೆರಿಕನ್ ಮೂಲದ ಜನರೇ. ಬೆಕ್ಕಿಗೆ ಮಣ್ಣುಮುಕ್ಕಿಸುವ ಆ ಚುರುಕಿನ ಇಲಿ ಅವರಿಗೆ ನಾಯಕನಾಗಿ ಕಂಡಿತ್ತು. 2002ರಲ್ಲಿ ಅದು ಮರಳಿತು. ಅವಮಾನವಾಯಿತೇ ಇಲ್ಲವೇ ಎಂಬುದನ್ನು ಸಂಬಂಧಪಟ್ಟವರನ್ನೇ ಕೇಳಬೇಕು ಎಂಬುದು ಈ ಪ್ರಸಂಗದ ಪಾಠ.

ಮೂರನೆಯದು ಕೈಬರಹ. ಚಿತ್ರವನ್ನು ಇದ್ದಂತೆ ತೋರಿಸಿ, ಮೊದಲಲ್ಲಿ ನಾಲ್ಕು ಮಾತಿನ ವಿವರಣೆ ಹಾಕುವುದು. ಹಳೆಯ ಕಾರ್ಟೂನುಗಳ ಡಿವಿಡಿಗಳಲ್ಲಿ ವಾರ್ನರ್ ಸಂಸ್ಥೆ ಈ ದಾರಿ ಹಿಡಿಯಿತು. ಈ ಚಿತ್ರಣಗಳು ಅಂದೂ ತಪ್ಪು, ಇಂದೂ ತಪ್ಪು. ಆದರೆ ಮುಚ್ಚಿಟ್ಟರೆ ಇಂಥ ಪೂರ್ವಗ್ರಹಗಳು ಇರಲೇ ಇಲ್ಲ ಎಂದಂತಾಗುತ್ತದೆ ಎಂಬುದು ಅದರ ತಾತ್ಪರ್ಯ. ಡಿಸ್ನಿ ಕೂಡ 2020ರಲ್ಲಿ 'ಪೀಟರ್ ಪ್ಯಾನ್', 'ಡಂಬೊ' ಮುಂತಾದ ಚಿತ್ರಗಳಿಗೆ ಇದೇ ಬಗೆಯ ಎಚ್ಚರಿಕೆ ಜೋಡಿಸಿತು. 2021ರಲ್ಲಿ ಅವನ್ನು ಏಳು ವರ್ಷದೊಳಗಿನ ಮಕ್ಕಳ ಪಟ್ಟಿಯಿಂದ ಹೊರಗಿಟ್ಟಿತು. ಮೂರರಲ್ಲಿ ಇದು ಹೆಚ್ಚು ಪ್ರಾಮಾಣಿಕ ದಾರಿ ಎನ್ನಬೇಕು. ಆದರೆ ಓದು ಬಾರದ ಮಗುವಿಗೆ ಕೈಬರಹದಿಂದ ಏನು ಪ್ರಯೋಜನ? ಅದನ್ನು ಓದಿ ಹೇಳಲು ಪಕ್ಕದಲ್ಲಿ ದೊಡ್ಡವರು ಇರಲೇಬೇಕು.

ಕಡಲು ದಾಟಿದ ಚಿತ್ರಗಳು

ಈ ಕಥೆಯೆಲ್ಲ ನಮಗೇಕೆ ಎಂದು ಕೇಳಬಹುದು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ, ಕೇಬಲ್ ತಂತಿಯ ಮೂಲಕ ಹಳೆಯ ಹಾಲಿವುಡ್ ಕಾರ್ಟೂನುಗಳು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಮನೆಗಳಿಗೂ ಬಂದವು. ಆ ಚಿತ್ರಗಳ ಹಿಂದಿನ ಗುಲಾಮಗಿರಿಯ ಚರಿತ್ರೆಯಾಗಲಿ, ಅಮೆರಿಕದಲ್ಲಿ ನಡೆದ ಜಗಳವಾಗಲಿ ಅವುಗಳ ಜೊತೆ ಬರಲಿಲ್ಲ. ಇಲ್ಲಿನ ಮಕ್ಕಳಿಗೆ ಅದು ತಮಾಷೆ ಮಾತ್ರ.

ದೊಡ್ಡವರ ಸರಕು ಮಕ್ಕಳ ಪಾಲಿಗೆ ಬಂದ ಹಳೆಯ ಕಥೆಯೂ ಇಲ್ಲಿ ಮರುಕಳಿಸಿತು. ಐದು ವರ್ಷದ ಪೋರ 'ಶಿನ್‌ಚಾನ್' ಇದಕ್ಕೆ ಸಾಕ್ಷಿ. ಯೊಶಿತೊ ಉಸುಯಿ 1990ರಲ್ಲಿ ಈ ಚಿತ್ರಕಥೆ ಆರಂಭಿಸಿದ್ದು ಜಪಾನಿನ ದೊಡ್ಡವರ ವಾರಪತ್ರಿಕೆಯೊಂದರಲ್ಲಿ. ಅಮ್ಮನಿಗೆ ಎದುರಾಡುವುದು, ಚಡ್ಡಿ ಬಿಚ್ಚಿ ಕುಣಿಯುವುದು, ಹುಡುಗಿಯರನ್ನು ರೇಗಿಸುವುದು, ಇವೆಲ್ಲ ಸಂಸಾರದ ಜಂಜಡ ಬಲ್ಲ ಓದುಗರನ್ನು ನಗಿಸಲು ಬರೆದದ್ದು. 2006ರಲ್ಲಿ ಭಾರತದ ಮಕ್ಕಳ ವಾಹಿನಿಯಲ್ಲಿ ಅದು ಬಂದಾಗ ಮಕ್ಕಳು ಮುಗಿಬಿದ್ದು ನೋಡಿದರು, ಪೋಷಕರು ದೂರಿದರು. 2008ರಲ್ಲಿ ಪ್ರಸಾರ ನಿಂತಿತು. ಬಳಿಕ ಕತ್ತರಿ ಹಾಕಿಸಿಕೊಂಡು ಮರಳಿತು. ಬರೆದ ಚಿತ್ರವಾದ್ದರಿಂದ ಮಕ್ಕಳದ್ದೇ ಇರಬೇಕು ಎಂಬ ಊಹೆಯೇ ಎಲ್ಲದಕ್ಕೂ ಮೂಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಭಾಷೆ, ಹಿಂಸೆಯ ಹಸಿ ದೃಶ್ಯಗಳು ಇರದಂತೆ ನೋಡಿಕೊಳ್ಳಬೇಕೆಂದು 1994ರ ಕೇಬಲ್ ಟೆಲಿವಿಷನ್ ನಿಯಮಗಳು ಹೇಳುತ್ತವೆ. ಸಿನಿಮಾಗಳಿಗೆ ಕೊಡುವ 'ಯು/ಎ' ಪ್ರಮಾಣಪತ್ರವನ್ನು 2023ರ ತಿದ್ದುಪಡಿ 7, 13 ಮತ್ತು 16 ವರ್ಷದ ಮೂರು ಹಂತಗಳಾಗಿ ವಿಂಗಡಿಸಿತು. ಆದರೆ ನಿಯಮಗಳು ಬರುವ ವೇಗಕ್ಕಿಂತ ಚಿತ್ರಗಳು ಬರುವ ವೇಗ ಹೆಚ್ಚು. 2017ರಲ್ಲಿ ಯೂಟ್ಯೂಬ್‌ನಲ್ಲಿ ಬಯಲಾದ ಹಗರಣ ಇದನ್ನು ತೋರಿಸಿತು. ಮಕ್ಕಳಿಗೆ ಪ್ರಿಯವಾದ ಕಾರ್ಟೂನ್ ಪಾತ್ರಗಳ ನಕಲು ಮಾಡಿ, ಅವುಗಳ ಕೈಯಲ್ಲಿ ಹಿಂಸೆ, ಅಸಭ್ಯ ವರ್ತನೆಗಳನ್ನು ಮಾಡಿಸಿದ ಸಾವಿರಾರು ವಿಡಿಯೊಗಳು ಅಲ್ಲಿದ್ದವು. ಮಕ್ಕಳಿಗಾಗಿಯೇ ರೂಪಿಸಿದ್ದ ವಿಭಾಗದೊಳಗೂ ಕೆಲವು ನುಸುಳಿದ್ದವು. ಪ್ರಶ್ನಿಸೋಣವೆಂದರೆ ಡಿಸ್ನಿಯಂತೆ ಹೊಣೆ ಹೊರುವ ಸ್ಟುಡಿಯೊ ಇಲ್ಲ. ಒಂದು ವಿಡಿಯೊ ಮುಗಿದ ಕೂಡಲೇ ಮುಂದಿನದನ್ನು ಆರಿಸಿ ಮಗುವಿನ ಮುಂದಿಟ್ಟದ್ದು ಯಂತ್ರ.

ದೀಪದ ಬುಡದ ಕತ್ತಲು

ಇಂಥ ವಿಡಿಯೊಗಳನ್ನು ಕಂಡಾಗ ಪೋಷಕರು ಹೌಹಾರುತ್ತಾರೆ. ಹೌಹಾರಲೇಬೇಕು. ಆದರೆ ಕಾರ್ಟೂನಿನ ತೊಂಬತ್ತು ವರ್ಷಗಳ ಈ ಚರಿತ್ರೆ ಹೇಳುವುದೇ ಬೇರೆ. ಗುಟ್ಟಾಗಿ ನುಸುಳಿದ್ದನ್ನು ಸಮಾಜ ಬೇಗ ಹಿಡಿಯುತ್ತದೆ. ತನಗೆ ಸಹಜವೆಂದು ತೋರುವುದನ್ನು ಹಿಡಿಯಲು ಅದಕ್ಕೆ ಮೂವತ್ತು, ನಲವತ್ತು ವರ್ಷ ಬೇಕಾಗುತ್ತದೆ. ಎರಡು ಫ್ರೇಮಿನ ನಗ್ನಚಿತ್ರದಿಂದ ಯಾವ ಮಗುವಿನ ಮನಸ್ಸಾದರೂ ಕೆಟ್ಟಿತೆಂದು ಹೇಳುವುದು ಕಷ್ಟ. ಆದರೆ ಕಪ್ಪು ಬಣ್ಣದವರು ಸೇವೆಗೆ, ನಗೆಪಾಟಲಿಗೆ ಮಾತ್ರ ಎಂದು ವಾರವಾರವೂ ನೋಡಿದ ಮಗು, ಅದರಲ್ಲೂ ಆ ಬಣ್ಣದ್ದೇ ಮಗು, ಏನನ್ನು ಕಲಿತಿರಬೇಕು?

ಈ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳಬಹುದು. 2008ರಿಂದ ನಮ್ಮ ಮಕ್ಕಳ ಕಣ್ಮಣಿಯಾಗಿರುವ 'ಛೋಟಾ ಭೀಮ್' ಕಾರ್ಟೂನಿನಲ್ಲಿ ಸದಾ ಪುಂಡಾಟ ಮಾಡಿ ಕೊನೆಗೆ ಸೋಲುವ ದಢೂತಿ ಹುಡುಗನ ಹೆಸರು ಕಾಲಿಯಾ. ಹೆಸರಿನಲ್ಲೇ ಕಪ್ಪು ಇದೆ. ಊರಿನ ನಾಟಕ, ಸಿನಿಮಾಗಳಿಂದ ಹಿಡಿದು ಸೌಂದರ್ಯ ಸಾಧನಗಳ ಜಾಹೀರಾತಿನವರೆಗೆ ಬಿಳುಪು ಒಳ್ಳೆಯದು, ಕಪ್ಪು ಕೆಟ್ಟದ್ದು ಎಂಬುದನ್ನು ನುಂಗಿ ಅರಗಿಸಿಕೊಂಡ ನಮಗೆ ಅದು ಚುಚ್ಚುವುದಿಲ್ಲ. ಹೇಸ್ ಸಂಹಿತೆ ಬರೆದ ಮಹನೀಯರಿಗೂ ಅವರ ಕಾಲದ್ದು ಚುಚ್ಚಿರಲಿಲ್ಲ.

ಕಾರ್ಟೂನ್ ನೋಡಬೇಡ ಎಂದು ಮಕ್ಕಳಿಗೆ ಹೇಳುವುದು ಆಗದ ಮಾತು, ಅಗತ್ಯವೂ ಇಲ್ಲ. ಪಕ್ಕದಲ್ಲಿ ಕುಳಿತು ಜೊತೆಗೆ ನೋಡುವುದು ಸಾಧ್ಯ. 1999ರಲ್ಲಿ ಕಿಟಕಿಯೊಳಗಿನ ನಗ್ನಚಿತ್ರವನ್ನು ಹಿಡಿದುಕೊಟ್ಟದ್ದು ಚಿತ್ರವನ್ನು ನಿಲ್ಲಿಸುವ ಆ ಪುಟ್ಟ ಗುಂಡಿ. ಅದು ಇಂದಿಗೂ ಕೈಯಲ್ಲೇ ಇದೆ. ಅದನ್ನು ಒತ್ತಿ, 'ಆ ಕೆಲಸದಾಕೆಯ ಮುಖವನ್ನು ಯಾಕೆ ತೋರಿಸುವುದೇ ಇಲ್ಲ, ಹೇಳು ಮಗು' ಎಂದು ಒಮ್ಮೆ ಕೇಳಿ ನೋಡಬಹುದು. ಮಕ್ಕಳಿಗೆ ಕಾಣುತ್ತದೆ. ಕೇಳುವವರು ಬೇಕು, ಅಷ್ಟೆ.